ತಾಲೂಕಿನ ಕುರಿಯೆಲ್ಲ ನನ್ನ ಹೆಸರಿಗೆ

ನನ್ನ ಮದುವೆ ಆಯಿತು! ಕ್ಷಮಿಸಿರಿ, ಬರೆದುಕೊಂಡು ಬಂದದ್ದು ಬೇರೆ, ಬಾಯಿಗೆ ಮೊದಲು ಬಂದದ್ದು ಇದು. ಕುರಿ ಸಾಕಣೆದಾರರ ಸಂಘದ ಮಾನ್ಯ ಅಧ್ಯಕ್ಷರಾದ ಬಾಳಾಸಾಹೇಬ ಕಾಕಾ ಅವರೇ, ಅತಿಥಿಗಳೇ, ಹರಿಪುರ, ಖಂಡೇರಾಜುರಿಗಳಿಂದ ಬಂದ ಹಿರಿಯರೇ, ಮೂರನೆಯ ಸಾಲಿನಲ್ಲಿ ನಾಚಿ ಕುಳಿತಿರುವ ನನ್ನ ಯಜಮಾನರಾದ ರಾಜಕುಮಾರ ಅವರೇ, ಸಮಸ್ತ ಸಭಿಕರೇ.

ಈ ವರ್ಷದ ಶ್ರೇಷ್ಠ ಕುರಿ ಸಾಕಣೆದಾರ ಪ್ರಶಸ್ತಿಯನ್ನು ನೀವು ನನಗೆ ಕೊಟ್ಟಿದ್ದೀರಿ. ನಾನು ವಿಶ್ರಾಮಬಾಗದ ಪೇಟೆ ಹುಡುಗಿ, ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕುರಿಯನ್ನು ಹತ್ತಿರದಿಂದ ನೋಡಿದ್ದು ನನ್ನ ಮದುವೆಯ ಮಂಟಪದಲ್ಲೇ, ಅದೂ ಅದು ನನ್ನ ಸೆರಗು ತಿನ್ನುತ್ತಿದ್ದಾಗ. ಆದರೂ ಸಂಘದ ಕಂಪ್ಯೂಟರ್ ಪ್ರಕಾರ ಮಿರಜ ತಾಲೂಕಿನಲ್ಲಿ ನನಗಿಂತ ಹೆಚ್ಚು ಕುರಿ ಯಾರ ಬಳಿಯೂ ಇಲ್ಲ. ನಿಜ ಹೇಳಬೇಕೆಂದರೆ, ಬೇರೆ ಯಾರ ಬಳಿಯೂ ಒಂದೂ ಇಲ್ಲ.

ಇದು ಹೇಗಾಯಿತು? ನಮ್ಮಲ್ಲಿ ಸೋದರಮಾವನ ಆಹೇರು, ಅಂದರೆ ಮದುವೆಯ ಉಡುಗೊರೆ, ನಾಲ್ಕು ಜನರ ಮುಂದೆ ಆಗಬೇಕು. ಗುರಲಿಂಗ ಮಾಮಾ ಒಂದು ಕುರಿ ಕೊಟ್ಟರು. ಹಗ್ಗ ಕೈಗಿತ್ತರೆ ಸಾಲದು, ಸಂಘದ ದಾಖಲೆಯಲ್ಲೂ ಮುಹೂರ್ತಕ್ಕೆ ಸರಿಯಾಗಿ ಹೆಸರು ಬದಲಾಗಬೇಕು ಎಂದರು ಕಾಕಾ. ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಅಮೋಲ ಲ್ಯಾಪ್‌ಟಾಪ್ ತಂದು ಅಕ್ಷತೆಯ ತಟ್ಟೆಯ ಪಕ್ಕದಲ್ಲಿಟ್ಟ. ಆದೇಶ ಬರೆದ: ಕುರಿಯ ಒಡೆತನ ಶೀತಲಳ ಹೆಸರಿಗೆ ಆಗಲಿ. ಅದರ ಕೆಳಗೆ ಇನ್ನೊಂದು ಸಾಲು: ಕಿವಿಯಲ್ಲಿ ಇಂಥ ನಂಬರಿನ ಬಿಲ್ಲೆ ಇರುವ ಕುರಿ ಮಾತ್ರ.

ಕಾಕಾ ಕನ್ನಡಕ ಏರಿಸಿ ಓದಿದರು. ಆ ಎರಡನೆಯ ಸಾಲು ಅವರಿಗೆ ಹಿಡಿಸಲಿಲ್ಲ.

"ಅಮೋಲ, ಶುಭ ಕಾರ್ಯದಾಗ ಇದೇನ ಜಿಪುಣತನ? ಅಕ್ಷತಿ ಎಣಿಸಿ ಒಂದ ತಲಿ ಮ್ಯಾಲೆ ಹಾಕತಾರೇನು? ತಗಿ ಅದನ್ನ."

ಮಂಟಪದಲ್ಲಿ ಹಿರಿಯರ ಮಾತು ಮೀರುವುದುಂಟೆ? ಅಮೋಲ ಸಾಲು ತೆಗೆದ. ಕಾಕಾ ಉಂಗುರದ ಬೆರಳಿನಿಂದ ಗುಂಡಿ ಒತ್ತಿದರು. ವಾಜಂತ್ರಿ ಮೊಳಗಿತು. ಯಾವ ಕುರಿ ಎಂದು ಯಂತ್ರಕ್ಕೆ ಹೇಳದೆ ಹೋದರೆ ಅದು ಎಲ್ಲ ಕುರಿಯೂ ಎಂದು ತಿಳಿಯುತ್ತದೆ. ಬ್ರಾಹ್ಮಣರು ತಥಾಸ್ತು ಎನ್ನುವಷ್ಟರಲ್ಲಿ ಇಡೀ ತಾಲೂಕಿನ ಕುರಿ ನನ್ನವಾಗಿದ್ದವು.

ನಾವು ಮಹಾಬಳೇಶ್ವರಕ್ಕೆ ಹೋದೆವು. ಎಷ್ಟು ಚೆಂದದ ಊರು! ಎಷ್ಟು ಮಂಜು! ರಾಜಕುಮಾರ ನನ್ನ ಕೈ ಹಿಡಿದು ಏನೋ ಹೇಳಲು ಬಾಯಿ ತೆರೆದರೆ ಸಾಕು, ಫೋನಿಗೆ ಓಟಿಪಿ ಬರುತ್ತಿತ್ತು. ಕುರಿಗೆ ಲಸಿಕೆ ಹಾಕಬೇಕಾದರೆ ಒಡೆಯರ ಫೋನಿಗೆ ಬಂದ ನಂಬರನ್ನು ಡಾಕ್ಟರಿಗೆ ಹೇಳಬೇಕಲ್ಲ, ಒಡತಿ ನಾನೇ. ಅವರು ಏನು ಹೇಳಲು ಹೊರಟಿದ್ದರು ಎಂಬುದು ನನಗೆ ಇನ್ನೂ ಗೊತ್ತಿಲ್ಲ. ಅದು ಮನೆಯ ವಿಷಯ, ಬಿಡಿ.

ಒಂದು ದಿನ ಘಟ್ಟದಲ್ಲಿ ರೇಂಜ್ ಇರಲಿಲ್ಲ. ಖಂಡೇರಾಜುರಿಯಲ್ಲಿ ಬಾಳವ್ವನ ಹಿಂಡಿನ ಮುಂದೆ ಡಾಕ್ಟರು ಕಾದು ಕಾದು ಎದ್ದು ಹೋದರು. ಪಕ್ಕದ ಊರಿನಲ್ಲಿ ಆಗಲೇ ಬ್ಯಾನಿ ಬಿದ್ದು ಕುರಿ ಸಾಯುತ್ತಿದ್ದವು. ಸಂಜೆ ಬಾಳವ್ವ ಫೋನ್ ಮಾಡಿದಳು. ಬೈಯಲಿಲ್ಲ.

"ಶೀತಲಬಾಯಿ, ಕುರಿ ನಿನ್ನವು ಅಂದ್ರ ನಿನ್ನವ. ಸತ್ರ ಹುಗಿಯಾಕರೆ ಬಾ."

ನನ್ನ ನಗು ಅಲ್ಲಿಗೆ ನಿಂತಿತು. ಮದುವೆಯ ಹಿಂದಿನ ದಿನದ ದಾಖಲೆಯ ಪ್ರತಿ ಅಮೋಲನ ಹತ್ತಿರ ಇದೆ, ಯಾವ ಕುರಿ ಯಾರದೆಂದು ಅದರಲ್ಲಿದೆ, ಎಲ್ಲ ತಿರುಗಿಸಿಬಿಡಿ ಎಂದು ಕಾಕಾ ಅವರನ್ನು ಕೇಳಿಕೊಂಡೆವು. ಹಾಕಿದ ಅಕ್ಷತೆ ಆರಿಸಿ ತೆಗೆದರೆ ಮದುಮಗಳಿಗೆ ಕೇಡು ಎಂದರು. ಅವರಿಗೆ ನನ್ನ ಮೇಲೆ ಅಷ್ಟು ಪ್ರೀತಿ. ಈ ಪ್ರಶಸ್ತಿಯೂ ಆ ಪ್ರೀತಿಯದೇ.

ರಾಜಕುಮಾರ ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ದಾಖಲೆ ಕಾಯುವ ಕೆಲಸದವರು. ಅವರು ಸಂಘಕ್ಕೆ ಒಂದು ಬೀಗ ಮಾಡಿಕೊಟ್ಟಿದ್ದಾರೆ. ಇನ್ನು ಮುಂದೆ ಯಾವ ಕುರಿ ಎಂದು ಹೇಳದ ಆದೇಶವನ್ನು ಯಂತ್ರ ಮುಟ್ಟುವುದೇ ಇಲ್ಲ. ಹೇಳಿದರೂ, ಎಷ್ಟು ಕುರಿಗೆ ತಾಗುತ್ತದೆ ಎಂದು ಮೊದಲು ತೋರಿಸುತ್ತದೆ. ಒಂದಕ್ಕಿಂತ ಹೆಚ್ಚಾದರೆ ಅಧ್ಯಕ್ಷರೂ ಒಡೆಯರೂ ಜೊತೆಗೆ ಕುಳಿತು ಒಪ್ಪಬೇಕು. ಮುಹೂರ್ತ ಮೀರಿದರೂ ಅದು ಕಾಯುತ್ತದೆ. ಯಂತ್ರಕ್ಕೆ ಮುಲಾಜಿಲ್ಲ, ಅದಕ್ಕೆ ಯಾರೂ ಕಾಕಾ ಅಲ್ಲ.

ಈಗ ಒಂದು ಮಾತು. ಕಾಕಾ, ಅಕ್ಷತೆ ಹಿಂದೆ ತೆಗೆಯುವುದು ಬೇಡ. ಆದರೆ ಮದುಮಗಳು ಮೊದಲ ಸಲ ತವರಿಗೆ ಬಂದಾಗ ಮರು ಆಹೇರು ಕೊಡುವ ಪದ್ಧತಿ ಇದೆಯಲ್ಲವೇ? ಅದನ್ನು ಬೇಡ ಎಂದರೆ ಕೇಡಲ್ಲವೇ? ಮಾಮಾ ಕೊಟ್ಟ ಆ ಒಂದು ಕುರಿಯ ಹೊರತು ಉಳಿದವುಗಳನ್ನೆಲ್ಲ, ಯಾರವೋ ಅವರಿಗೇ, ನಾನು ಮರು ಆಹೇರು ಕೊಡುತ್ತೇನೆ. ತಲೆ ಆಡಿಸಿದಿರಿ, ಇಡೀ ಸಭೆ ನೋಡಿದೆ.

ಇವತ್ತು ಸತ್ಕಾರಕ್ಕೆ ಬಂದಿದ್ದೇನೆ, ಇದು ತವರಿಗೆ ಬಂದ ಲೆಕ್ಕವಲ್ಲ ಎಂದು ನಮ್ಮ ಅತ್ತೆಯವರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದಾರೆ. ತವರಿಗೆಂದು ಬರುವವರೆಗೆ ನನ್ನ ಫೋನು ಅಮೋಲನ ಕೈಯಲ್ಲಿರುತ್ತದೆ. ನಾಳೆ ಬೆಳಿಗ್ಗೆ ಡಾಕ್ಟರು ಮೊದಲು ಬಾಳವ್ವನ ಹಿಂಡಿಗೆ ಹೋಗುತ್ತಾರೆ. ಕಾಕಾ, ನಾನು ತವರಿಗೆ ಬಂದ ದಿನ ನೀವು ಮಾತ್ರ ಯಂತ್ರದ ಮುಂದೆ ತಯಾರಾಗಿ ಕುಳಿತಿರಿ. ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡದ್ದಕ್ಕೆ ಉಪಕಾರ, ಎಲ್ಲರಿಗೂ ನಮಸ್ಕಾರ. ತವರಿಗೆಂದು ನಾನು ಮಿರಜಕ್ಕೆ ಬಂದಿಳಿಯುವುದು ಬರುವ ಸೋಮವಾರ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ.