ಎರಡನೇ ಬ್ರೇಕ್

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಪ್ರಾಂಶುಪಾಲರೇ, ಬಹುಮಾನ ಗೆದ್ದ ವಿದ್ಯಾರ್ಥಿಗಳೇ, ಬೇಗ ಹೊರಡಲೆಂದು ಬಾಗಿಲ ಹತ್ತಿರವೇ ಜಾಗ ಹಿಡಿದಿರುವ ಜಾಣ ಸಭಿಕರೇ,

ಈಗ ನೀವು ನೋಡಿದ ಐದು ನಿಮಿಷದ ಚಿತ್ರದಲ್ಲಿರುವ ಹೆಂಗಸು ನಾನು. ಕಾರು ಓಡಿಸಲು ಕಲಿಸುವವಳು. ಚಿತ್ರ ತೆಗೆದು ಎಡಿಟ್ ಮಾಡಿದವಳು ನನ್ನ ಅಕ್ಕನ ಮಗಳು. ಅಕ್ಕ ತೀರಿಕೊಂಡ ಮೇಲೆ ನನ್ನ ಜೊತೆಯಲ್ಲೇ ಬೆಳೆದವಳು. ನನ್ನನ್ನು ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟಿರಿ, ಸಂತೋಷ. ಆದರೆ ಪ್ರಾಂಶುಪಾಲರು "ಈ ತಾಯಿಯ ಒಂಟಿತನ ಕಂಡು ಕಣ್ಣು ತುಂಬಿ ಬಂತು" ಎಂದರಲ್ಲ, ಅದಕ್ಕೆ ನನ್ನ ಆಕ್ಷೇಪವಿದೆ. ಪ್ರಾಂಶುಪಾಲರು ನನ್ನ ಬಳಿಯೇ ಕಲಿತವರು. ಮೊದಲ ಸಲ ರಿವರ್ಸ್ ತೆಗೆದ ದಿನವೂ ಅವರ ಕಣ್ಣು ತುಂಬಿತ್ತು. ಅದನ್ನು ಯಾರೂ ಚಿತ್ರ ಮಾಡಲಿಲ್ಲ.

ಯಾವ ಒಂಟಿತನ ಸ್ವಾಮಿ? ಪಕ್ಕದ ಸೀಟು ಖಾಲಿ, ನಾನು ಕಿಟಕಿಯಾಚೆ ನೋಡುತ್ತಿದ್ದೇನೆ, ಹಿನ್ನೆಲೆಯಲ್ಲಿ ಪಿಟೀಲು. ಆ ಸೀಟಿನಲ್ಲಿದ್ದ ಹಲ್ಲಿನ ಡಾಕ್ಟರು ಫೋನ್ ಬಂತೆಂದು ಕೆಳಗಿಳಿದಿದ್ದರು. ನಾನು ನೋಡುತ್ತಿದ್ದದ್ದು ಅವರು ಆಗತಾನೇ ಕಂಬಕ್ಕೆ ಉಜ್ಜಿದ್ದ ನನ್ನ ಕಾರಿನ ಕನ್ನಡಿಯನ್ನು. ಅದು ದುಃಖವಲ್ಲ, ಸಿಟ್ಟು. "ಆ ಕಂಬ ಏನು ಹಲ್ಲುನೋವು ಅಂತ ನಿಮ್ಮನ್ನ ಕರೆದಿತ್ತಾ ಡಾಕ್ಟ್ರೇ?" ಎಂದು ಕೇಳಿದೆ. ಅವರು ನಕ್ಕರು, ನಾನೂ ನಕ್ಕೆ. ಆ ನಗು ಎಲ್ಲಿ? ಕತ್ತರಿಸಿದ್ದಾಳೆ. ಯಾಕೆಂದರೆ, "ಮೂಡ್ ಕೆಡತ್ತೆ ಚಿಕ್ಕಮ್ಮ" ಅಂತೆ. ಯಾರ ಮೂಡ್?

ಒಬ್ಬಳೇ ಊಟ ಮಾಡುವ ದೃಶ್ಯವೂ ಸುಳ್ಳು. ಎದುರಿಗೆ ಅವಳ ತಟ್ಟೆ ಇತ್ತು. "ಅದನ್ನ ಆಚೆ ಸರಿಸು, ಫ್ರೇಮಿಗೆ ಬರತ್ತೆ" ಎಂದಳು. ಸರಿಸಿದೆ. ಅವಳಿಲ್ಲದ ಮನೆ ಹೇಗಿರುತ್ತದೆ ಎಂದು ಪರದೆಯ ಮೇಲೆ ನೋಡಿದೆ. ತಪ್ಪು ಹುಡುಕಲೆಂದೇ ನೋಡಿದೆ. ಮತ್ತೆ ಮತ್ತೆ ನೋಡಿದೆ. ಇರಲಿ.

ನೀವು ನಂಬಿದರೆ ನನಗೆ ಬೇಸರವಿಲ್ಲ. ಆದರೆ ಚಿತ್ರ ಮಾಡಿದವಳೇ ಅದನ್ನು ನಂಬಿಬಿಟ್ಟರೆ? ದೂರದ ಸಿನಿಮಾ ಶಾಲೆಯೊಂದರಲ್ಲಿ ಅವಳಿಗೆ ಪ್ರವೇಶ ಸಿಕ್ಕಿದೆ. ಹೋಗುವುದಿಲ್ಲವಂತೆ. "ನಿನ್ನೊಬ್ಬಳನ್ನೇ ಬಿಟ್ಟು ಹೇಗೆ ಹೋಗ್ಲಿ?" ಅಂತೆ. ಚಿತ್ರ ನೋಡಿದವರೆಲ್ಲ ತಲೆಯಾಡಿಸುತ್ತೀರಿ: "ಎಂಥ ಒಳ್ಳೆ ಹುಡುಗಿ!" ಅವಳು ಮನೆಯಲ್ಲಿ ಕೊಳೆಯಲು ನಾನು ಕಾರಣವಾಗಬೇಕೇ? ನನ್ನನ್ನು ಒಂದು ಮಾತು ಕೇಳಿದವರುಂಟೇ?

ನನ್ನ ಕಾರಿನಲ್ಲಿ ಎರಡು ಬ್ರೇಕ್ ಇವೆ. ಒಂದು ಕಲಿಯುವವರ ಕಾಲ ಬಳಿ, ಇನ್ನೊಂದು ನನ್ನ ಕಾಲ ಬಳಿ. ಕೊನೆಯ ಪಾಠದ ದಿನ ನಾನು ಚಪ್ಪಲಿ ಬಿಟ್ಟು ಎರಡೂ ಕಾಲು ಮಡಚಿ ಸೀಟಿನ ಮೇಲಿಟ್ಟು ಕೂರುತ್ತೇನೆ. ಅದನ್ನು ಕಂಡರೆ ಎಲ್ಲರೂ ಬೆವರುತ್ತಾರೆ. ಆಮೇಲೆ ಓಡಿಸುತ್ತಾರೆ. ಇವಳಂತೂ "ಕಾಲು ಕೆಳಗಿಡು ಚಿಕ್ಕಮ್ಮ!" ಎಂದು ಕಿರುಚಿದ್ದಳು. "ರಸ್ತೆ ನೋಡೇ, ನನ್ನ ಕಾಲಲ್ಲೇನಿದೆ?" ಎಂದಿದ್ದೆ. ಮನೆಯವರೆಗೂ ಬೈಯುತ್ತಲೇ ಓಡಿಸಿಕೊಂಡು ಬಂದಳು. ಎಲ್ಲೂ ತಾಗಿಸಲಿಲ್ಲ. ಇದನ್ನೂ ಕ್ಯಾಮೆರಾದ ಮುಂದೆ ಹೇಳಿದ್ದೆ. ಇದನ್ನೂ ಕತ್ತರಿಸಿದ್ದಾಳೆ. ಇಡೀ ಚಿತ್ರದಲ್ಲಿ ಇರಬೇಕಾಗಿದ್ದದ್ದು ಇದೊಂದೇ.

ಅದಕ್ಕೇ ಎಲ್ಲರ ಎದುರು ಹೇಳುತ್ತಿದ್ದೇನೆ, ಮನೆಯಲ್ಲಿ ಹೇಳಿದರೆ ಇವಳು ಜಗಳಕ್ಕೆ ಬರುತ್ತಾಳೆ. ನಾಳೆ ಬೆಳಿಗ್ಗೆ ನನ್ನ ಪಕ್ಕ ಬ್ಯಾಂಕಿನ ಮ್ಯಾನೇಜರಮ್ಮ ಕೂರುತ್ತಾರೆ, ಮಧ್ಯಾಹ್ನ ಅದೇ ಹಲ್ಲಿನ ಡಾಕ್ಟರು. ನಿನಗೆ ಅಲ್ಲಿ ಜಾಗವಿಲ್ಲ ಮಗಳೇ. ನಿನ್ನ ಪಾಠ ಮುಗಿದು ಎಷ್ಟೋ ದಿನವಾಯಿತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹೂವಿಗೂ ತಾಳ್ಮೆಗೂ ನಿಮಗೆಲ್ಲ ಕೃತಜ್ಞತೆಗಳು. ಮೈಕಿನ ಮುಂದಿನ ಈ ಮೇಜು ಅಡ್ಡವಿರುವುದರಿಂದ ನಿನಗೆ ನನ್ನ ಕಾಲು ಕಾಣುತ್ತಿಲ್ಲ, ಬಾಯಿಬಿಟ್ಟೇ ಹೇಳುತ್ತೇನೆ. ಚಪ್ಪಲಿ ಬಿಟ್ಟಿದ್ದೇನೆ. ನೀನು ರಸ್ತೆ ನೋಡು.

ಎಲ್ಲರಿಗೂ ನಮಸ್ಕಾರ.