ಚೌಕಿಯಲ್ಲಿ ಜಾಗ

೨೦೨೪ ಡಿಸೆಂಬರ್ ೧೪, ಶನಿವಾರ, ಸಂಜೆ ೪.೧೦. ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೊರಟ ಬಸ್ಸು. ನನ್ನ ಮುಂದಿನ ಸೀಟಿನಲ್ಲಿದ್ದವರು ಯಕ್ಷಗಾನದ ಸ್ತ್ರೀವೇಷದ ಧರ್ಣಪ್ಪ. ಪಕ್ಕದಲ್ಲಿದ್ದವಳು ಅವರ ತಂಗಿಯ ಮಗಳು ಅಕ್ಷಿತಾ ಎಂದು ಮಾತಿನಿಂದ ತಿಳಿಯಿತು. ಅಂದಿನ ಆಟದಲ್ಲಿ ಅವಳದು ಮೊದಲ ಬಾರಿಗೆ ರಕ್ಕಸನ ವೇಷ.

"ಬಣ್ಣ ಹಚ್ಚಲಿಕ್ಕೆ ನಿನಗೆ ಪಕ್ಕದ ಶಾಲೆಯ ಕೋಣೆ ಉಂಟು. ವೇಷ ಕಟ್ಟುವ ಚೌಕಿಗೆ ಹೆಂಗಸರು ಬರುವ ಕ್ರಮ ಇಲ್ಲ."

"ಗಣಪತಿಗೆ ಪೂಜೆ ಆಗುವುದು ಚೌಕಿಯಲ್ಲಿ ಅಲ್ವಾ ಮಾವ? ಆ ದೀಪದ ಎದುರೇ ಕೂತು ಹಚ್ತೇನೆ."

"ಹಿರಿಯ ಕಲಾವಿದರು ಸುಮ್ಮನಿರ್ತಾರಾ?"

"ನೀವು ಸೀರೆ ಉಟ್ಟು ಒಳಗೆ ಕೂರಬಹುದು. ನಾನು ಮೀಸೆ ಇಟ್ಟು ಹೊರಗೆ ಕೂರಬೇಕಾ?"

"ಮೊದಲು ನಿನ್ನ ಬಾಯಿಗೆ ಬಣ್ಣ ಬಳಿಯಬೇಕು ಮಾರಾಯ್ತಿ!"

"ಹೊರಗೆ ಕೂರಿಸಿದರೆ ನಾನು ವೇಷವೇ ಮಾಡುವುದಿಲ್ಲ. ರಕ್ಕಸ ಇಲ್ಲದಿದ್ದರೆ, ದೇವಿಯಾಗಿ ನೀವು ಯಾರನ್ನು ಕೊಲ್ತೀರಿ?"

ಅವರ ಸ್ಟಾಪ್ ಬಂತು. ಇಬ್ಬರೂ ಎದ್ದರು.

"ಚೌಕಿಯಲ್ಲಿ ವೇಷದ ಪೆಟ್ಟಿಗೆಗೆ ಪೆಟ್ಟಿಗೆ ತಾಗಿಕೊಂಡು ಉಂಟು. ಸರಿಸುವುದಾದರೆ ನನ್ನದನ್ನೇ ಸರಿಸಬೇಕು. ಎಷ್ಟು ಜಾಗ ಬೇಕು ನಿನಗೆ?"

ಅವಳು ಮೆಟ್ಟಿಲಿಳಿಯುತ್ತ, ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು:

"ಎರಡೂವರೆ ಅಡಿ."