ನಮ್ಮ ದ್ವೀಪದ ಹೆಸರಿನ ಮಾತ್ರೆ

...ಅದನ್ನೇ ಹೇಳ್ತಿದೀನಿ ಅಕ್ಕ, ಮಾತ್ರೆ ತಪ್ಪದೆ ತಗೊಳ್ತಿದೀಯಾ ಅಂತ ನನ್ನ ಕೇಳೋದೇ ತಪ್ಪು. ಕೂತ್ಕೋ ಮೊದ್ಲು. ಸಾಂಟಿಯಾಗೊದಿಂದ ಬಂದು ವಿಮಾನ ಇಳಿದು ಕೊರಳಿನ ಹೂವಿನ ಹಾರ ಕೂಡ ತೆಗೆದಿಲ್ಲ, ಆಗಲೇ ತನಿಖೆ ಶುರು. ನಿನಗಿಷ್ಟದ ಸಿಹಿ, ಕುಂಬಳಕಾಯಿ ಪೋಎ ಮಾಡಿದೀನಿ, ಬಿಸಿಬಿಸಿ ಇದೆ, ತಿನ್ನು.

ಆ ಮಾತ್ರೆ ಹೆಸರೇ ನೋಡು, ರಾಪಾಮೈಸಿನ್... ಆ ರಾಪಾ ಯಾರು? ನಾವೇ. ರಾಪಾ ನೂಯಿ, ನಮ್ಮ ದ್ವೀಪ. ತಾತನ ಕಾಲದಲ್ಲಿ ಹಡಗಲ್ಲಿ ಬಂದ ಡಾಕ್ಟರುಗಳು ಇಲ್ಲಿನ ಮಣ್ಣು ಕೆದಕಿ ತಗೊಂಡ್ಹೋದರು. ಅದರೊಳಗಿನ ಯಾವುದೋ ಕಣ್ಣಿಗೆ ಕಾಣದ ಜೀವಿಯಿಂದ ಔಷಧ ಸಿಕ್ತು, ನಮ್ಮ ಹೆಸರಿಟ್ಟರು. ಪುಣ್ಯ, ಹೆಸರಾದ್ರೂ ಬಿಟ್ಟರು ನಮಗೆ.

ಯಾಕೆ ನಗ್ತೀಯಾ? ಹೂಂ, ಆಸ್ಪತ್ರೆಲೂ ಇದೇ ಕಥೆ ಹೇಳಿದ್ದೆ. ನಿನ್ನ ಕಿಡ್ನಿ ನನ್ನ ಹೊಟ್ಟೆಗೆ ಹಾಕಿ ಹೊಲಿದ ಮಾರನೇ ದಿನ. "ಪೆಟೆರೋ, ನಗಿಸ್ಬೇಡ, ಹೊಲಿಗೆ ಬಿಚ್ಚುತ್ತೆ" ಅಂತ ನೀನು ಅಂದಿದ್ದೆ. ಒಂದೇ ದಿನ ಮಾತ್ರೆ ತಪ್ಪಿಸಿದ್ರೂ ಈ ಕಿಡ್ನಿ ನನ್ನ ಮೈಗೆ ಒಗ್ಗಲ್ಲ ಅಂತ ಡಾಕ್ಟರು ಅಂದಿದ್ದೂ ನೆನಪಿದೆ. ತಗೊಳ್ತೀನಿ ಅಂದ್ನಲ್ಲ. ದಿನಾ ಬೆಳಿಗ್ಗೆ.

ಬಾಯೆಲ್ಲ ಹುಣ್ಣಾಗಿತ್ತು ಕಣೇ ಆ ಮಾತ್ರೆಯಿಂದ. ಭಾನುವಾರ ಚರ್ಚಲ್ಲಿ ಹಾಡೋಕೆ ಬಾಯಿ ತೆಗೆದ್ರೆ ಕಣ್ಣಲ್ಲಿ ನೀರು. ಈಗ ನೋಡು... ಆ... ಒಂದೂ ಇಲ್ಲ.

ಯಾಕೆ, ಒಂದೂ ಇಲ್ಲದಿದ್ರೆ ಒಳ್ಳೇದಲ್ವಾ?

ಎಲ್ಲಿಗೆ ಎದ್ದೆ? ಆ ಡಬ್ಬ ಯಾಕೆ ತೆಗೀತೀಯಾ... ಅದು ಮಣ್ಣು. ಬರೀ ಮಣ್ಣು. ಗಿಡಕ್ಕೆ ಅಂತ. ಚಮಚ ಯಾಕೆ ಅಂದ್ರೆ... ಬಟ್ಟೆ, ಅದು ಸೋಸೋಕೆ...

ಹಾಗೆ ನೋಡ್ಬೇಡ ಅಕ್ಕ. ಎಲ್ಲೆಲ್ಲಿಂದಲೋ ತಂದಿದ್ದಲ್ಲ, ಆ ಹಡಗಿನ ಡಾಕ್ಟರುಗಳು ಕೆದಕಿದ ದಿಬ್ಬದ್ದೇ. ಮಾವ ಜಾಗ ತೋರಿಸ್ದ. ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಯಾರಾದ್ರೂ ಊರೆಲ್ಲಾ ಅಲೀತಾರಾ? ಮಾತ್ರೆ ಬದಲು ಇದನ್ನೇ ನೀರಲ್ಲಿ ಕದಡಿ ಕುಡೀತೀನಿ, ಅಷ್ಟೇ. ನಮ್ಮ ಮಣ್ಣು ನಮಗೇ ಮೋಸ ಮಾಡುತ್ತಾ? ಹಾಡ್ತಿದೀನಲ್ಲ ಈಗ, ಚೆನ್ನಾಗಿದೀನಲ್ಲ...

ಬೇಕಾದ್ರೆ ಬೈಯಿ. ನೆಲಕ್ಕೆ ಯಾಕೆ ಬಗ್ತೀಯಾ?

ಕಾಲು ಬಿಡು. ಕುದುರೆ ಮೇಲೆ ಕೂತು ಕೂತು ಊದಿದೆ. ನನ್ನ ಕಿಡ್ನಿ ಕೆಟ್ಟಾಗ ಊದಿತ್ತಲ್ಲ, ಒತ್ತಿದ್ರೆ ಗುಳಿ ಹಾಗೇ ನಿಲ್ತಿತ್ತು, ಆ ಊತ ಬೇರೆ, ಇದು ಬೇರೆ... ಹೆಬ್ಬೆರಳಲ್ಲಿ ಒತ್ತಬೇಡ ಅಂದೆ. ಆಯ್ತು, ಗುಳಿ ಬಿತ್ತು. ಈಗ ತುಂಬ್ಕೊಳ್ಳುತ್ತೆ, ನೋಡ್ತಿರು. ಸ್ವಲ್ಪ ತಾಳು...

ಅಕ್ಕ... ತುಂಬ್ತಿಲ್ವಲ್ಲ.